ಅಜ್ಜನ ಹೆಸರು ಬಸಪ್ಪ, ಮೊಮ್ಮಗನಿಗೆ ಏನಿಡೋಣ?

ಮನೆಯಲ್ಲಿ ಗಂಡು ಕೂಸು ಹುಟ್ಟಿದೆ. ಅಜ್ಜನ ಹೆಸರು ಬಸಪ್ಪ. ಆ ಹೆಸರು ಮೊಮ್ಮಗನಿಗೆ ಬರಲೇಬೇಕು ಎಂದು ಅಜ್ಜಿಯ ಹಟ. 'ತೀರಾ ಹಳೇದಾಯ್ತಲ್ಲ' ಎಂದು ಬಾಣಂತಿಗೆ ಅಳುಕು. ನಡುವೆ ಸಿಕ್ಕಿಬಿದ್ದ ತಂದೆ ರಾತ್ರಿ ಮೊಬೈಲ್ ಹಿಡಿದು ಹುಡುಕುತ್ತಾನೆ. ಬಸವ ಎಂದರೆ ಒಂದು ಕಡೆ 'ಗೂಳಿಗಳ ಒಡೆಯ', ಇನ್ನೊಂದು ಕಡೆ 'ಇಂದ್ರ', ಮತ್ತೊಂದು ಕಡೆ ಬರೀ 'ಶಕ್ತಿಶಾಲಿ'. ಯಾವುದನ್ನು ನಂಬುವುದು? ಬಸವರಾಜ ಎಂದು ಇಡುವುದೋ, ಬಸವಪ್ರಭು ಎಂದೋ, ಸುಮ್ಮನೆ ಬಸವ ಎಂದೋ? ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ?

ನೀವು ಈಗ ಇದೇ ಇಕ್ಕಟ್ಟಿನಲ್ಲಿದ್ದರೆ ಮೊದಲೇ ಒಂದು ಮಾತು. ಬಸವ ಎಂಬ ಹೆಸರಿನ ಅರ್ಥದಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. ನಿಘಂಟು ಕೈಯಲ್ಲಿದ್ದರೆ ಹತ್ತು ನಿಮಿಷದ ಕೆಲಸ. ಮುಂದೆ ಹುಡುಗನನ್ನು ಕಾಡುವುದು ಅರ್ಥವಲ್ಲ, ಅಕ್ಷರ. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಮಗದೊಂದು ಎಂಬಂತಾದರೆ ಇಪ್ಪತ್ತು ವರ್ಷದ ನಂತರ ಅವನು ಅಫಿಡವಿಟ್ ಮಾಡಿಸಿಕೊಂಡು ಅಲೆಯಬೇಕಾಗುತ್ತದೆ. ಹಾಗಾಗಿ ಈ ಬರಹದಲ್ಲಿ ಅರ್ಥಕ್ಕೆ ಕೊಂಚ ಜಾಗ, ಅಕ್ಷರಕ್ಕೆ ಹೆಚ್ಚು.

ಹೆಸರು ಬಂದ ದಾರಿ

ಸಂಸ್ಕೃತದ ವೃಷಭ ಪ್ರಾಕೃತದಲ್ಲಿ ವಸಹ ಆಯಿತು. ಕನ್ನಡದ ಬಾಯಲ್ಲಿ ಬಸಹ, ಬಸವ ಎಂದು ನೆಲೆನಿಂತಿತು. ಪದದ ಮೊದಲಿಗೆ ಬರುವ ವಕಾರವನ್ನು ಬಕಾರ ಮಾಡಿಕೊಳ್ಳುವುದು ಕನ್ನಡದ ಹಳೆಯ ರೂಢಿ. ವಸತಿ ಬಸದಿಯಾಯಿತು, ವರ್ಣ ಬಣ್ಣವಾಯಿತು, ವೀಥಿ ಬೀದಿಯಾಯಿತು, ವಂಧ್ಯಾ ಬಂಜೆಯಾಯಿತು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಟುಗಳಿಗಾಗಿಯೇ ಒಂದು ಪ್ರಕರಣ ಬರೆದಿದ್ದಾನೆ. ನಾವು ಶಾಲೆಯಲ್ಲಿ ತತ್ಸಮ–ತದ್ಭವ ಎಂದು ಉರು ಹೊಡೆದದ್ದು ಇದನ್ನೇ.

ಅಂದರೆ ಬಸವ ಎಂದರೆ ಎತ್ತು, ಗೂಳಿ. ಶಿವನ ವಾಹನವಾದ ನಂದಿ. 'ಗೂಳಿಗಳ ಒಡೆಯ' ಅಲ್ಲ. ಇಂದ್ರನಂತೂ ಅಲ್ಲವೇ ಅಲ್ಲ; ಇಂದ್ರನ ಹೆಸರು ವಾಸವ. ಅದು ಬೇರೆಯೇ ಪದ, ಕೇಳಲು ಹತ್ತಿರ ಅಷ್ಟೆ.

ಭೀಮಕವಿ ಮೊದಲಾದವರು ಹೇಳುವ ಕಥೆಯೂ ಇದಕ್ಕೆ ಹೊಂದುತ್ತದೆ. ಬಾಗೇವಾಡಿಯ ಮಾದಾಂಬಿಕೆ ನಂದಿಯನ್ನು ಪೂಜಿಸಿ ಪಡೆದ ಮಗ ಎಂಬ ಕಾರಣಕ್ಕೆ ಬಸವ ಎಂದು ಹೆಸರಾಯಿತು ಎನ್ನುವುದು ಪರಂಪರೆ. ಆ ಮಗ ಹನ್ನೆರಡನೆಯ ಶತಮಾನದಲ್ಲಿ ಕಲಚುರಿ ಬಿಜ್ಜಳನ ಭಂಡಾರಿಯಾಗಿ, ಕಲ್ಯಾಣದ ಶರಣರ ನಡುವೆ ಬಸವಣ್ಣನಾದ. ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನದಲ್ಲಿ ಬಸವಣ್ಣನವರ ಮನೆತನದ ಮಾತು ಬರುತ್ತದೆ. ತೆಲುಗಿನಲ್ಲಿ ಪಾಲ್ಕುರಿಕಿ ಸೋಮನಾಥ ಅದೇ ಶತಮಾನದಲ್ಲಿ ಬಸವಪುರಾಣ ಬರೆದ. ಅದನ್ನು ಅನುಸರಿಸಿ ಭೀಮಕವಿ 1369ರಲ್ಲಿ ಕನ್ನಡದಲ್ಲಿ ಬರೆದ.

ಇನ್ನು ಬಸವಕ್ಕೆ ಅಂಟಿಕೊಂಡ ಬಾಲಗಳು. ಅಣ್ಣ, ಅಪ್ಪ, ಅಯ್ಯ ಎಲ್ಲವೂ ಗೌರವಕ್ಕೆ ಸೇರಿಸಿದವು: ಬಸವಣ್ಣ, ಬಸಪ್ಪ, ಬಸವಯ್ಯ. 'ರಾಜ'ವೂ ಹಾಗೆಯೇ. ಹರಿಹರ ಕವಿಯ ರಗಳೆಯ ಹೆಸರೇ ಬಸವರಾಜದೇವರ ರಗಳೆ. ಹಳೆಯ ಬರಹಗಳಲ್ಲಿ ಬಸವರಸ ಎಂಬ ರೂಪವೂ ಇದೆ. ಆದ್ದರಿಂದ ಬಸವರಾಜ ಎಂಬುದು ಈಚೆಗೆ ಯಾರೋ 'ಸ್ಟೈಲ್' ಮಾಡಿದ ಹೆಸರಲ್ಲ, ಎಂಟುನೂರು ವರ್ಷ ಹಳೆಯದು. ಬಸಪ್ಪನಿಗಿಂತ ಬಸವರಾಜ ಹೊಸದು ಎಂದು ನಮಗೆ ಅನಿಸುವುದು ನಮ್ಮ ಮನೆಗಳಲ್ಲಿ ಅಜ್ಜನಿಗೆ ಬಸಪ್ಪ, ಅಪ್ಪನಿಗೆ ಬಸವರಾಜ ಎಂದು ಇಟ್ಟ ಕಾರಣದಿಂದ.

ಯಾರು ಯಾರು ಇಟ್ಟುಕೊಂಡರು

ಉತ್ತರ ಕರ್ನಾಟಕದ ಯಾವ ಊರಿನ ಶಾಲೆಯ ಹಳೇ ಹಾಜರಿ ಪುಸ್ತಕ ತೆರೆದರೂ ಒಂದೇ ತರಗತಿಯಲ್ಲಿ ಮೂರ್ನಾಲ್ಕು ಬಸವರಾಜರು ಸಿಗುತ್ತಾರೆ. ಮಾಸ್ತರರು ಅವರನ್ನು ಅಡ್ಡಹೆಸರಿನಿಂದ ಕರೆಯದೆ ಬೇರೆ ದಾರಿಯೇ ಇರಲಿಲ್ಲ. ನಾಡಿಗೆ ಗೊತ್ತಿರುವ ಬಸವರಾಜರೂ ಹಾಗೆಯೇ: ಕಾದಂಬರಿಕಾರ ಬಸವರಾಜ ಕಟ್ಟೀಮನಿ, ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು, 2021ರಿಂದ 2023ರವರೆಗೆ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ. ಮೂವರಿಗೂ ಗುರುತು ಕೊಟ್ಟಿದ್ದು ಹಿಂದಿನ ಹೆಸರಲ್ಲ, ಮುಂದಿನ ಅಡ್ಡಹೆಸರು. 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿಯವರ ಬಿ ಎಂದರೆ ಬಸಪ್ಪ ಎಂಬುದು ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

ಹಳೇ ಮೈಸೂರಿನ ಕಡೆ ಅದೇ ಹೆಸರು ಬಸವರಾಜು, ಬಸವೇಗೌಡ, ಬಸವಯ್ಯ ಆಗುತ್ತದೆ. ಮೈಸೂರು ಆಸ್ಥಾನದಲ್ಲಿ 'ಅಭಿನವ ಕಾಳಿದಾಸ' ಎಂದು ಹೆಸರಾದವರು ಬಸವಪ್ಪ ಶಾಸ್ತ್ರಿಗಳು. ಇದು ಲಿಂಗಾಯತರ ಹೆಸರು ಎಂದು ಗೆರೆ ಕೊರೆಯುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಲಿಂಗಾಯತರಲ್ಲಿ ಹೆಚ್ಚು ಎಂಬುದು ಸರಿ. ಆದರೆ ಊರೂರಿಗೂ ಬಸವಣ್ಣನ ಗುಡಿ ಇದೆ, ಹರಕೆ ಹೊತ್ತವರು ಎಲ್ಲ ಜಾತಿಯಲ್ಲೂ ಇದ್ದಾರೆ. ದೇವರಾಜ ಅರಸರ ಸಂಪುಟದಲ್ಲಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪನವರ ಹೆಸರು ಕನ್ನಡಿಗರು ಮರೆಯುವಂಥದ್ದಲ್ಲ.

ಗಡಿ ದಾಟಿದರೂ ಹೆಸರು ಮುಗಿಯುವುದಿಲ್ಲ. ಆಂಧ್ರದ ಕಮ್ಯುನಿಸ್ಟ್ ನಾಯಕ ಮಾಕಿನೇನಿ ಬಸವಪುನ್ನಯ್ಯ, ಎನ್.ಟಿ. ರಾಮರಾವ್ ಅವರ ಪತ್ನಿ ಬಸವತಾರಕಂ ಇಬ್ಬರ ಹೆಸರಲ್ಲೂ ಬಸವ ಇದ್ದಾನೆ. ಸೊಲ್ಲಾಪುರ, ಲಾತೂರಿನ ಕಡೆ ಅದು ಬಸವರಾಜ್.

ಹೆಸರಿಗೆ ಈಗಿನ ಮಾನ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು, ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ವಚನಗಳನ್ನು ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಹೆಚ್ಚಿನವರಿಗೆ ಬಸವ ಎಂದರೆ ಗುಡಿಯ ಕಲ್ಲಿನ ನಂದಿ. ಆಮೇಲೆ ಅವನು ವಚನಕಾರನೂ ಆದ. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ್ದು ಇದೇ ಸರಣಿಯ ಈಚಿನ ಸುದ್ದಿ.

ಹೆಸರು ಗೊತ್ತುಮಾಡುವ ಕ್ರಮ

1. ಅರ್ಥವನ್ನು ನಿಘಂಟಿನಲ್ಲೇ ನೋಡಿ. ಹೆಸರುಗಳ ಪಟ್ಟಿ ಕೊಡುವ ಪುಸ್ತಕಗಳು, ಆ್ಯಪ್‌ಗಳು ಒಂದನ್ನೊಂದು ನಕಲು ಹೊಡೆಯುತ್ತವೆ. ಒಂದರ ತಪ್ಪು ಹತ್ತಕ್ಕೆ ಹರಡುತ್ತದೆ. ಅದರ ಬದಲು ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು (ಎಂಟು ಸಂಪುಟ) ಅಥವಾ 1894ರ ಕಿಟೆಲ್ ಕೋಶ ನೋಡಿ. ತಾಲ್ಲೂಕು ಗ್ರಂಥಾಲಯದಲ್ಲಿ ಎರಡರಲ್ಲಿ ಒಂದಾದರೂ ಸಿಗಬಹುದು. ಹೆಸರನ್ನು ಮೊದಲು ಬಿಡಿಸಿಕೊಳ್ಳಿ: ಬಸವ + ರಾಜ, ಸಂಗನ + ಬಸವ, ಚೆನ್ನ + ಬಸವ. ತುಂಡು ತುಂಡಾಗಿ ಹುಡುಕಿದರೆ ಅರ್ಥ ತಾನೇ ಸಿಗುತ್ತದೆ. ಚೆನ್ನಬಸವ ಎಂದರೆ ಚೆಲುವ ಬಸವ. ಸಂಗನಬಸವ ಎಂದರೆ ಸಂಗಯ್ಯನ, ಅಂದರೆ ಕೂಡಲಸಂಗಮದ ದೇವರ ಬಸವ.

2. ವ್ಯುತ್ಪತ್ತಿ ಬೇರೆ, ಭಕ್ತಿಯ ಅರ್ಥ ಬೇರೆ ಎಂದು ತಿಳಿದುಕೊಳ್ಳಿ. ಶರಣ ಪರಂಪರೆಯಲ್ಲಿ ಬ, ಸ, ವ ಎಂಬ ಮೂರು ಅಕ್ಷರಗಳಿಗೂ ಬೇರೆ ಬೇರೆ ಅರ್ಥ ಹಚ್ಚಿ ಹೇಳುವ ಕ್ರಮವಿದೆ. ಮಠದ ಸ್ವಾಮಿಗಳು ನಾಮಕರಣದ ದಿನ ಅದನ್ನೇ ವಿವರಿಸಬಹುದು. ಅದು ತಪ್ಪಲ್ಲ. ಹೆಸರನ್ನು ಮಂತ್ರದಂತೆ ನೆನೆಯುವವರ ಅರ್ಥ ಅದು. ಆದರೆ ಪದ ಹುಟ್ಟಿದ್ದು ವೃಷಭದಿಂದಲೇ. ಮಗ ದೊಡ್ಡವನಾಗಿ ಕೇಳಿದಾಗ ಎರಡನ್ನೂ ಹೇಳಿ.

3. ಹೆಸರು ಎಷ್ಟು ಬಳಕೆಯಲ್ಲಿದೆ ಎಂದು ನೀವೇ ಎಣಿಸಿ. ಅಮೆರಿಕದಲ್ಲಿ ಯಾವ ವರ್ಷ ಯಾವ ಹೆಸರಿನ ಮಕ್ಕಳು ಎಷ್ಟು ಹುಟ್ಟಿದರೆಂದು 1880ರಿಂದ ಇಲ್ಲಿಯವರೆಗಿನ ಸರ್ಕಾರಿ ಲೆಕ್ಕ ಸಿಗುತ್ತದೆ. ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. 'ಈ ವರ್ಷದ ಟಾಪ್ ಹೆಸರುಗಳು' ಎಂದು ಬರುವುದೆಲ್ಲ ಯಾರದೋ ಅಂದಾಜು. ಆದರೆ ಮತದಾರರ ಪಟ್ಟಿ ಎಲ್ಲರಿಗೂ ಸಿಗುತ್ತದೆ, ಅದರಲ್ಲಿ ಹೆಸರಿನ ಪಕ್ಕ ವಯಸ್ಸೂ ಇರುತ್ತದೆ. ನಿಮ್ಮ ಮತಗಟ್ಟೆಯ ಭಾಗದ ಪಟ್ಟಿ ಇಳಿಸಿಕೊಂಡು, ಅರವತ್ತು ದಾಟಿದವರಲ್ಲಿ ಬಸಪ್ಪ, ಬಸವರಾಜ ಎಷ್ಟು, ಇಪ್ಪತ್ತೈದರ ಒಳಗಿನವರಲ್ಲಿ ಎಷ್ಟು ಎಂದು ಎಣಿಸಿ. ಅರ್ಧ ಗಂಟೆಯ ಕೆಲಸ. ಹದಿನೆಂಟರ ಒಳಗಿನವರು ಅದರಲ್ಲಿ ಇರುವುದಿಲ್ಲವಾದ್ದರಿಂದ ಅಂಗನವಾಡಿ ಟೀಚರನ್ನೂ ಒಂದು ಮಾತು ಕೇಳಿ. 'ಈಗ ಯಾರೂ ಇಡೋದಿಲ್ಲ' ಎಂಬ ಮಾತೂ 'ಎಲ್ಲರ ಮನೆಯಲ್ಲೂ ಅದೇ ಹೆಸರು' ಎಂಬ ಮಾತೂ ಎಷ್ಟು ನಿಜ ಎಂದು ಆಗ ಗೊತ್ತಾಗುತ್ತದೆ.

4. ಕೂಗಿ ನೋಡಿ. ಬಸವರಾಜ ಎಂಬುದನ್ನು ಯಾರೂ ದಿನವೂ ಪೂರ್ತಿ ಕರೆಯುವುದಿಲ್ಲ. ಧಾರವಾಡದ ಕಡೆ ಅದು ಬಸ್ಯಾ ಆಗುತ್ತದೆ, ಮುದ್ದಿಗೆ ಬಸು, ಬೆಂಗಳೂರಿನಲ್ಲಿ ಬಸ್ಸಿ ಅಥವಾ ರಾಜು. ಹೊರದೇಶಕ್ಕೆ ಹೋದರೆ ರಾಜ್ ಆಗಿಬಿಡುತ್ತದೆ. ಇದರಲ್ಲಿ ಯಾವುದು ನಿಮಗೆ ಹಿಡಿಸದೋ ಅದೇ ಉಳಿಯುವ ಸಂಭವ ಹೆಚ್ಚು. ಶಾಲೆಯಲ್ಲಿ 'ಕೋಲೆ ಬಸವ' ಎಂದು ಯಾರಾದರೂ ಕಿಚಾಯಿಸಿಯೇ ಕಿಚಾಯಿಸುತ್ತಾರೆ, ಬಸವನಹುಳುವೂ ಪಾಠದಲ್ಲಿ ಬಂದೇ ಬರುತ್ತದೆ. ಅದಕ್ಕೆ ಹೆದರಿ ಹೆಸರು ಬಿಡಬೇಕಿಲ್ಲ. ಮಕ್ಕಳು ಕಿಚಾಯಿಸಲು ಬರದ ಹೆಸರು ಇನ್ನೂ ಹುಟ್ಟಿಲ್ಲ.

5. ಮನೆಯ ಹೆಸರು, ಕಾಗದದ ಹೆಸರು ಎರಡಿದ್ದರೆ ಅದನ್ನು ತಿಳಿದೇ ಮಾಡಿ. ಅಜ್ಜನ ಹೆಸರಿಟ್ಟ ಮನೆಗಳಲ್ಲಿ ಇದು ಹೆಚ್ಚು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಬಾರದು ಎಂಬ ರೂಢಿ ಇದ್ದ ಕಾಲದಲ್ಲಿ, ಕೂಸನ್ನು ಗದರಿಸುವಾಗಲೂ ಆ ಹೆಸರು ಎತ್ತುವಂತಿರಲಿಲ್ಲ. ಹಾಗಾಗಿ ತೊಟ್ಟಿಲಲ್ಲಿ ಬಸವರಾಜ, ಕರೆಯುವಾಗ ಮುತ್ಯಾ, ಅಪ್ಪಾಜಿ, ಅಪ್ಪು. ಹೆಸರಿಡುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್... ಬಸವರಾಜ' ಎಂದು ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ; ಆ ಗದ್ದಲದಲ್ಲಿ ಅತ್ತೆ ಇನ್ನೊಂದೆರಡು ಹೆಸರನ್ನೂ ಸೇರಿಸಿ ಹೇಳುವುದುಂಟು. ಮನೆಯೊಳಗೆ ಎಷ್ಟು ಹೆಸರಾದರೂ ಇರಲಿ. ಆಸ್ಪತ್ರೆಯ ಫಾರಂ, ಲಸಿಕೆ ಕಾರ್ಡು, ಅಂಗನವಾಡಿಯ ದಾಖಲೆ ಮೂರರಲ್ಲೂ ಕಾಗದದ ಹೆಸರು ಮಾತ್ರ ಬರಲಿ. ಲಸಿಕೆ ಕಾರ್ಡಿನಲ್ಲಿ 'ಅಪ್ಪು' ಎಂದು ಬರೆಸಿದವರು ಆಮೇಲೆ ಶಾಲೆಯ ಬಾಗಿಲಲ್ಲಿ ವಿವರಣೆ ಕೊಡಬೇಕಾಗುತ್ತದೆ.

6. ಇಂಗ್ಲಿಷ್ ಕಾಗುಣಿತವನ್ನು ಕುಳಿತು ನಿರ್ಧರಿಸಿ. ಇಡೀ ಲೇಖನದಲ್ಲಿ ನೀವು ಒಂದೇ ಒಂದು ಅಂಶ ಓದುವುದಾದರೆ ಇದನ್ನು ಓದಿ. ಕನ್ನಡದಲ್ಲಿ ಬಸವರಾಜ ಎಂಬುದರಲ್ಲಿ ಗೊಂದಲವಿಲ್ಲ, ಐದು ಅಕ್ಷರ, ಐದರಲ್ಲೂ ಸ್ವರ ಸ್ಪಷ್ಟ. ಇಂಗ್ಲಿಷ್ ಲಿಪಿಯಲ್ಲಿ ಆ ಸ್ವರಗಳನ್ನು ಒಂದೊಂದಾಗಿ ಬರೆಯಬೇಕು. ಬರೆಯುವವರು ತಮಗೆ ಕೇಳಿಸಿದಂತೆ ಕೆಲವನ್ನು ನುಂಗುತ್ತಾರೆ. ನಾಲ್ಕು ಕಡೆ ಎಡವುತ್ತದೆ:

ಕೊನೆಯ ಸ್ವರ. ಕನ್ನಡಿಗರು ಕೊನೆಯ ಅಕಾರವನ್ನು ಉಚ್ಚರಿಸುತ್ತಾರೆ, ಹಿಂದಿಯವರು ಬಿಡುತ್ತಾರೆ. ಹಾಗಾಗಿ 'ಜೆ'ಗೆ ನಿಲ್ಲಿಸಿದ ಬಸವರಾಜ್, ಅದರ ಮುಂದೆ 'ಎ' ಹಾಕಿದ ಬಸವರಾಜ, 'ಯು' ಹಾಕಿದ ಬಸವರಾಜು ಎಂದು ಮೂರು ರೂಪ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು.

ನಡುವಿನ ಸ್ವರ. 'ಎಸ್' ಆದ ಮೇಲೆ 'ಎ' ಬರಬೇಕು. ಬೇಗ ಹೇಳಿದರೆ ಅದು ಬಸ್ವರಾಜ್ ಎಂದು ಕೇಳಿಸುತ್ತದೆ, ಗುಮಾಸ್ತರು ಹಾಗೆಯೇ ಟೈಪ್ ಮಾಡುತ್ತಾರೆ. 'ವಿ' ಆದ ಮೇಲಿನ 'ಎ' ಕೂಡ ಹೀಗೆಯೇ ಮಾಯವಾಗುತ್ತದೆ.

'ವಿ'ಯೋ 'ಡಬ್ಲ್ಯು'ವೋ. ಬೀದರ್, ಕಲಬುರಗಿಯ ಕೆಲವು ಮನೆಗಳಲ್ಲೂ ತೆಲಂಗಾಣದಲ್ಲೂ 'ಡಬ್ಲ್ಯು' ರೂಢಿಯಲ್ಲಿದೆ. ತಂದೆಯ ಹೆಸರಲ್ಲೇ ಬಸವ ಇದ್ದು ಅದಕ್ಕೆ 'ಡಬ್ಲ್ಯು' ಇದ್ದರೆ, ಮಗನಿಗೆ 'ವಿ' ಹಾಕುವ ಮುನ್ನ ಯೋಚಿಸಿ. ಒಂದೇ ಅರ್ಜಿಯಲ್ಲಿ ಎರಡು ಬಗೆಯ ಬಸವ ಕಂಡರೆ ಕಚೇರಿಯವರು ತಪ್ಪೆಂದು ತಿದ್ದಲು ಹೊರಡುತ್ತಾರೆ.

ಜಾಗ ಬಿಡುವುದು. ಬಸವ ಪ್ರಭು ಎಂದು ಬಿಡಿಸಿ ಬರೆದರೆ ಯಂತ್ರ ಅದನ್ನು ಹೆಸರು ಮತ್ತು ಅಡ್ಡಹೆಸರು ಎಂದು ಓದುತ್ತದೆ. ಒಂದೇ ಹೆಸರಾದರೆ ಕೂಡಿಸಿಯೇ ಬರೆಯಿರಿ.

ನನ್ನ ಸಲಹೆ ಕೇಳುವುದಾದರೆ: ಸ್ವರಗಳನ್ನೆಲ್ಲ ಉಳಿಸಿಕೊಳ್ಳಿ, ಕೊನೆಯ 'ಎ' ಮಾತ್ರ ನಿಮ್ಮ ಮನೆಯ ಹಿರಿಯರ ದಾಖಲೆಯಲ್ಲಿ ಇದ್ದಂತೆ ಇರಲಿ. ನಿರ್ಧಾರವಾದ ಮೇಲೆ ದೊಡ್ಡಕ್ಷರದಲ್ಲಿ ಒಂದು ಚೀಟಿ ಬರೆದು, ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ, ಫೋಟೋ ತೆಗೆದು ಮನೆಯವರೆಲ್ಲರ ಫೋನಿಗೆ ಕಳಿಸಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಬೇಡಿ, ಚೀಟಿ ಕೊಡಿ.

7. ಹೊಸ ರೂಪ ಬೇಕಿದ್ದರೆ ಬೇರು ಕಳೆಯದಂತೆ ಆರಿಸಿ. ಅಜ್ಜಿಯ ಮಾತೂ ಉಳಿಯಬೇಕು, ತಾಯಿಯ ಆಸೆಯೂ ಈಡೇರಬೇಕು ಎನ್ನುವವರಿಗೆ ದಾರಿಗಳಿವೆ. ಬಸವಪ್ರಭು, ಬಸವಕಿರಣ, ಬಸವಚೇತನ ಎಂದು ಕೂಡಿಸುವುದು ಒಂದು. ಸುಮ್ಮನೆ ಬಸವ ಎಂದಿಡುವುದು ಇನ್ನೊಂದು. ನನಗೆ ಇದೇ ಹೆಚ್ಚು ಇಷ್ಟ, ಮೂರೇ ಅಕ್ಷರ, ಯಾರೂ ಮೊಟಕು ಮಾಡಲಾರರು. ಮೂರನೆಯದು, ಅರ್ಥ ಉಳಿಸಿಕೊಂಡು ಪದ ಬದಲಿಸುವುದು: ಋಷಭ, ವೃಷಭ, ನಂದೀಶ, ನಂದಿಕೇಶ, ವೃಷಾಂಕ. ವೃಷಾಂಕ ಎಂದರೆ ವೃಷಭವನ್ನು ಗುರುತಾಗಿ ಉಳ್ಳವನು, ಶಿವ. ಜೈನರ ಮೊದಲ ತೀರ್ಥಂಕರ ಋಷಭನಾಥನ ಲಾಂಛನವೂ ವೃಷಭವೇ. ಆದರೆ ನಂದನ ಈ ಗುಂಪಿಗೆ ಸೇರುವುದಿಲ್ಲ. ನಂದನ ಎಂದರೆ ಮಗ, ನಂದಿಗೂ ಅದಕ್ಕೂ ಇಲ್ಲಿ ಸಂಬಂಧ ಕಟ್ಟಬೇಡಿ.

ನಕ್ಷತ್ರದ ಅಕ್ಷರ ನೋಡುವ ಮನೆಗಳಿಗೆ ಒಂದು ಮಾತು. ಪಂಚಾಂಗದಲ್ಲಿ ರೋಹಿಣಿಯ ನಾಲ್ಕು ಪಾದಕ್ಕೆ ಒ, ವ, ವಿ, ವು ಎಂದಿರುತ್ತದೆ. ಆ ನಕ್ಷತ್ರ ಇರುವುದೂ ವೃಷಭ ರಾಶಿಯಲ್ಲೇ. ಅಲ್ಲಿ ವೃಷಭ, ವೃಷಾಂಕ ಸರಿಹೋದೀತೇ ಎಂದು ನಿಮ್ಮ ಪುರೋಹಿತರನ್ನು ಕೇಳಬಹುದು. ಬೇರೆ ಅಕ್ಷರ ಬಂದರೆ ಅದನ್ನು ಜನ್ಮನಾಮವಾಗಿ ಇಟ್ಟುಕೊಂಡು, ವ್ಯವಹಾರಕ್ಕೆ ಬಸವರಾಜ ಎಂದೇ ಇಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ.

ಗಡುವುಗಳು, ಎಚ್ಚರಗಳು

ಜನನ–ಮರಣ ನೋಂದಣಿ ಕಾಯ್ದೆ 1969ರದು. ಹುಟ್ಟಿದ 21 ದಿನದೊಳಗೆ ಜನನ ವರದಿಯಾಗಬೇಕು. ಆಸ್ಪತ್ರೆಯಲ್ಲಾದ ಹೆರಿಗೆಯನ್ನು ಆಸ್ಪತ್ರೆಯವರೇ ವರದಿ ಮಾಡುತ್ತಾರೆ. ಮನೆಯಲ್ಲಾದರೆ ಮನೆಯವರು ಮಾಡಬೇಕು. ಹೆಸರು ಗೊತ್ತಾಗಿಲ್ಲ ಎಂದು ನೋಂದಣಿ ತಡಮಾಡಬೇಡಿ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೂ ತಡಶುಲ್ಕ ಕೊಟ್ಟು ಹದಿನೈದು ವರ್ಷದವರೆಗೆ ಅವಕಾಶವಿದೆ. ಅವಕಾಶವಿದೆ ಎಂದು ಹದಿನೈದು ವರ್ಷ ಕಾಯುವುದು ಬೇಡ, ಅಷ್ಟೆ.

ಇದರಿಂದ ಒಂದು ಉಪಯೋಗವಿದೆ. ಹೆರಿಗೆಯಾದ ಮರುದಿನ ಆಸ್ಪತ್ರೆಯ ಸಿಬ್ಬಂದಿ ಬಂದು 'ಹೆಸರು ಬರೆಸ್ತೀರಾ' ಎಂದಾಗ, ಇನ್ನೂ ಮನಸ್ಸು ಗಟ್ಟಿಯಾಗಿಲ್ಲದಿದ್ದರೆ ಬರೆಸಬೇಡಿ. ಖಾಲಿ ಬಿಟ್ಟ ಹೆಸರನ್ನು ತುಂಬುವುದು ಸುಲಭ. ಬರೆಸಿದ ಹೆಸರನ್ನು ಬದಲಿಸುವುದು ಕಷ್ಟ. ಕೈತಪ್ಪಿನ ತಿದ್ದುಪಡಿಗೆ ಕಾಯ್ದೆಯಲ್ಲಿ ದಾರಿಯಿದೆ, ಆದರೆ 'ಮನಸ್ಸು ಬದಲಾಯಿತು' ಎಂಬುದು ಕೈತಪ್ಪಲ್ಲ.

2023ರ ಅಕ್ಟೋಬರ್ 1ರಿಂದ ಕಾಯ್ದೆಯ ತಿದ್ದುಪಡಿ ಜಾರಿಯಲ್ಲಿದೆ. ಆ ದಿನ ಮತ್ತು ಆ ನಂತರ ಹುಟ್ಟಿದವರಿಗೆ ಶಾಲೆಗೆ ಸೇರುವಾಗ, ಮತದಾರರ ಪಟ್ಟಿ, ಚಾಲನಾ ಪರವಾನಗಿ, ಮದುವೆ ನೋಂದಣಿ, ಪಾಸ್‌ಪೋರ್ಟ್ ಮೊದಲಾದ ಕಡೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹಿಂದೆ ಶಾಲೆಯ ದಾಖಲೆ ಮೊದಲು, ಜನನ ಪತ್ರ ಆಮೇಲೆ ಎಂಬಂತಿತ್ತು. ಹೆಡ್‌ಮಾಸ್ತರರು ಜೂನ್ ಒಂದನೇ ತಾರೀಖು ಬರೆದುಕೊಂಡರೆ ಅದೇ ಹುಟ್ಟಿದ ದಿನ. ಈಗ ಅದು ತಿರುವುಮುರುವಾಗಿದೆ. ಆದ್ದರಿಂದ ಪ್ರಮಾಣಪತ್ರ ಮುದ್ರಿಸುವ ಮುನ್ನ ಕರಡನ್ನು ತೋರಿಸಿ ಎಂದು ಕೇಳಿ, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಅಕ್ಷರ ಅಕ್ಷರ ಓದಿ. ತಂದೆ–ತಾಯಿಯ ಹೆಸರನ್ನೂ ಅವರವರ ಆಧಾರ್ ಪಕ್ಕದಲ್ಲಿಟ್ಟು ಹೋಲಿಸಿ.

ಮಗುವಿನ ಆಧಾರ್ ಆಮೇಲೆ. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ; ಐದಕ್ಕೆ ಒಮ್ಮೆ, ಹದಿನೈದಕ್ಕೆ ಒಮ್ಮೆ ಕಡ್ಡಾಯವಾಗಿ ನವೀಕರಿಸಬೇಕು. ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಅದರಲ್ಲಿ ಒಂದನ್ನು ತೊಟ್ಟಿಲ ವಯಸ್ಸಿನಲ್ಲೇ ಖರ್ಚು ಮಾಡಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಸಂಖ್ಯಾಶಾಸ್ತ್ರಕ್ಕಾಗಿ ಅಕ್ಷರ ಹೆಚ್ಚಿಸುವುದು.* ಅದೃಷ್ಟಕ್ಕೆಂದು ಇನ್ನೊಂದು 'ಎ', ಇನ್ನೊಂದು 'ಎಸ್' ಸೇರಿಸಿದ ಹೆಸರನ್ನು ಪ್ರತಿ ಕೌಂಟರಿನಲ್ಲೂ ಯಾರಾದರೂ 'ಸರಿಪಡಿಸಿ' ಟೈಪ್ ಮಾಡುತ್ತಾರೆ. ನಂಬಿಕೆ ನಿಮ್ಮದು, ಆದರೆ ಸೇರಿಸುವುದಾದರೆ ಮೊದಲ ದಾಖಲೆಯಲ್ಲೇ ಸೇರಿಸಿ, ನಡುವೆ ಬೇಡ.

*ಬಸವರಾಜನ ಜೊತೆ ಅಡ್ಡಹೆಸರು ಬಿಡುವುದು.* ಅಡ್ಡಹೆಸರು ಜಾತಿ ಹೇಳುತ್ತದೆ ಎಂದು ಕೆಲವರು ಬೇಕೆಂದೇ ಬಿಡುತ್ತಾರೆ. ಆ ಆಶಯ ಒಳ್ಳೆಯದೇ. ಆದರೆ ಇಷ್ಟು ಬಳಕೆಯ ಹೆಸರಿಗೆ ಜೊತೆಯಲ್ಲಿ ಇನ್ನೊಂದು ಪದ ಇಲ್ಲದಿದ್ದರೆ ಪರೀಕ್ಷೆಯ ಪಟ್ಟಿಯಲ್ಲಿ, ಬ್ಯಾಂಕಿನಲ್ಲಿ, ಪಹಣಿಯಲ್ಲಿ ಬೇರೆ ಬಸವರಾಜರ ಜೊತೆ ಗಂಟು ಬೀಳುತ್ತದೆ. ಅಡ್ಡಹೆಸರು ಬೇಡವೆಂದರೆ ತಂದೆಯ ಹೆಸರೋ ತಾಯಿಯ ಹೆಸರೋ ಪೂರ್ತಿ ಇರಲಿ.

*ಇನಿಶಿಯಲ್ ನಂಬಿ ಕೂರುವುದು.* ಇಲ್ಲಿ ಉತ್ತರ, ದಕ್ಷಿಣದ ರೂಢಿ ಬೇರೆ. ಹುಬ್ಬಳ್ಳಿ ಕಡೆ ಮಗನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಬಸಪ್ಪ ದಾನಪ್ಪ ಜತ್ತಿ ಎಂಬಂತೆ. ಮೈಸೂರು ಕಡೆ ಊರು, ತಂದೆಯ ಮೊದಲಕ್ಷರ ಮುಂದೆ, ಹೆಸರು ಕೊನೆಗೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಕೊಟ್ಟ ಹೆಸರಿಗೊಂದು ಖಾನೆ, ಅಡ್ಡಹೆಸರಿಗೊಂದು ಖಾನೆ ಇರುತ್ತದೆ. ಮೈಸೂರಿನ 'ಎಂ. ಬಸವರಾಜು' ಅಲ್ಲಿ ಎಂ ಎಂದರೆ ಏನು ಎಂದು ದಾಖಲೆ ಹುಡುಕಬೇಕಾಗುತ್ತದೆ. ಹಾಗಾಗಿ ಜನನ ಪ್ರಮಾಣಪತ್ರದಲ್ಲೇ ಹೆಸರನ್ನು ಬಿಡಿಸಿ ಬರೆಸಿ. ಶಾಲೆಯಲ್ಲಿ ಇನಿಶಿಯಲ್ ಹಾಕಿಕೊಂಡರೂ ಮೂಲ ಪೂರ್ತಿಯಾಗಿರುತ್ತದೆ.

*ಹೆಸರನ್ನು ಅಡ್ಡಹೆಸರಿನ ಖಾನೆಯಲ್ಲಿ ತುಂಬುವುದು.* ಒಂದೇ ಪದದ ಹೆಸರಿನವರು ಪಾಸ್‌ಪೋರ್ಟಿನಲ್ಲಿ ಹೀಗೆ ಮಾಡಿದರೆ ಕೊಟ್ಟ ಹೆಸರಿನ ಖಾನೆ ಖಾಲಿ ಉಳಿಯುತ್ತದೆ. ಅಂಥವರಿಗೆ ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ತಾತ್ಪರ್ಯ. ಅಲ್ಲಿಗೆ ಹೋದ ಮೇಲೆ ಬ್ಯಾಂಕು, ಕಾಲೇಜು, ಚಾಲನಾ ಪರವಾನಗಿ ಎಲ್ಲದರಲ್ಲೂ ಅದೇ ಹಿಂಬಾಲಿಸುತ್ತದೆ. ಬಸವರಾಜ ಎಂಬ ಹುಡುಗನನ್ನು 'ಮಿಸ್ಟರ್ ಎಫ್‌ಎನ್‌ಯು' ಎಂದು ಕರೆಯುತ್ತಾರೆ. ಕೊಲ್ಲಿಯ ಕಡೆ ಹೋಗುವವರಿಗೂ ತೊಡಕಿದೆ: ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ಇದ್ದರೆ ಆದೀತು ಎಂದು ಆಮೇಲೆ ಸಡಿಲಿಸಿದರು. ಸಣ್ಣ ಹೆಸರು ನನಗಿಷ್ಟ ಎಂದೆನಲ್ಲ, 'ಬಸವ' ಎಂದಷ್ಟೇ ಇಡುವವರು ಜನನ ಪ್ರಮಾಣಪತ್ರದಲ್ಲಿ ಅದರ ಮುಂದೆ ಎರಡನೆಯ ಪದವೊಂದನ್ನು ಮರೆಯದೆ ಬರೆಸಿ.

*ಬಸಪ್ಪ ಎಂದರೆ ಹಳ್ಳಿಯದು ಎಂದು ಮೂಗು ಮುರಿಯುವುದು.* ಇದಕ್ಕೆ ಕಾಗದಪತ್ರದ ಪರಿಹಾರವಿಲ್ಲ. ಆದರೂ ಹೇಳುತ್ತೇನೆ: ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಪ್ರತಿಮೆ ನಿಂತದ್ದು ಇದೇ ಹೆಸರಿನ ಬಸವಣ್ಣನವರದು. ಬಸಪ್ಪ ಎಂದೇ ಇಡಬೇಕೆಂದು ಅಜ್ಜಿ ಹಟ ಹಿಡಿದಿದ್ದರೆ, ಬಸವರಾಜಕ್ಕಿಂತ ಅದರಲ್ಲಿ ಒಂದು ಅನುಕೂಲವೂ ಇದೆ. ಮತದಾರರ ಪಟ್ಟಿ ಎಣಿಸಿದಾಗ ನಿಮಗೇ ತಿಳಿಯುತ್ತದೆ, ಇಪ್ಪತ್ತೈದರ ಒಳಗೆ ಬಸಪ್ಪ ಎಂಬುವರು ಸಿಗುವುದೇ ಅಪರೂಪ. ನಿಮ್ಮ ಮಗನ ತರಗತಿಯಲ್ಲಿ ಆರವ್, ವಿಹಾನ್‌ಗಳು ಎರಡೆರಡು ಇದ್ದಾರು; ಬಸಪ್ಪ ಒಬ್ಬನೇ.